ಸಹಾಯಕಿ ಇಲ್ಲದ ಅಂಗನವಾಡಿ: ಊರಿನ ದುಡ್ಡು ಹಾಕೋಣವಾ, ಬೇಡವಾ?

ಧರೆಮನೆ, ಹೊಸನಗರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಒಂದು ವಿಷಯಕ್ಕೆ ಸಲಹೆ ಬೇಕಿತ್ತು. ಭಾನುವಾರ ಊರಿನ ಸಂಘದ ಸಭೆ ಇದೆ. ಅಷ್ಟರೊಳಗೆ ನಾಲ್ಕು ಜನರ ಮಾತು ಕೇಳಿಕೊಂಡಿರೋಣ ಅಂತ ಬರೆಯುತ್ತಿದ್ದೇನೆ.

ನಮ್ಮದು ಮಲೆನಾಡಿನ ಮಾಮೂಲಿ ಊರು. ತೋಟಕ್ಕೊಂದು ಮನೆ, ಮನೆಯಿಂದ ಮನೆಗೆ ಕೂಗಳತೆ ದೂರ. ಅಂಗನವಾಡಿಗೆ ಬರುವುದು 14 ಮಕ್ಕಳು. ಟೀಚರ್ ಒಳ್ಳೆಯವರು. ಸಹಾಯಕಿಯಾಗಿದ್ದ ಅಮ್ಮ ಹೋದ ವರ್ಷ 60 ತುಂಬಿ ನಿವೃತ್ತರಾದರು. ಅಲ್ಲಿಂದ ಆ ಜಾಗ ಖಾಲಿ. ಒಂದು ಸಲ ಅರ್ಜಿ ಕರೆದರು, ಒಬ್ಬರೂ ಹಾಕಲಿಲ್ಲ.

ಜುಲೈನಲ್ಲಿ ಒಂದು ದಿನ ಮಗಳನ್ನು ಕರೆದುಕೊಂಡು ಬರಲು ಹೋಗಿದ್ದೆ. ಬೆಳಗಿನಿಂದ ಒಂದೇ ಸಮ ಮಳೆ. ಒಳಗೆ ಟೀಚರ್ ಒಬ್ಬರೇ. ಒಲೆ ಮೇಲೆ ಕುಕ್ಕರ್ ಕೂಗುತ್ತಿದೆ. ಒಬ್ಬ ಹುಡುಗ ಚಡ್ಡಿ ಒದ್ದೆ ಮಾಡಿಕೊಂಡು ಮೂಲೆಯಲ್ಲಿ ನಿಂತಿದ್ದಾನೆ. ಇನ್ನೊಂದು ಮಗುವಿನ ಕಾಲಿಗೆ ಉಂಬಳ (ರಕ್ತ ಹೀರುವ ಜಿಗಣೆ) ಹತ್ತಿದೆ. ಟೀಚರ್ ಬಾಗಿಲ ಹಿಂದಿನಿಂದ ಸುಣ್ಣದ ಡಬ್ಬಿ ತೆಗೆದು ಬೆರಳಲ್ಲಿ ಒಂಚೂರು ಹಚ್ಚಿದರು. ಉಂಬಳ ಸುರುಟಿಕೊಂಡು ಬಿತ್ತು. ಅಷ್ಟರಲ್ಲಿ ಹತ್ತು ತಿಂಗಳ ಕೂಸನ್ನು ಎತ್ತಿಕೊಂಡು ಒಬ್ಬ ತಾಯಿ ಬಂದರು, ಪುಷ್ಟಿ ಪೊಟ್ಟಣಕ್ಕೆ (ಕೂಸಿಗೆ ಸರ್ಕಾರ ಕೊಡುವ ಪೌಷ್ಟಿಕ ಹಿಟ್ಟು). ಈಗ ಸುಮ್ನೆ ಕೊಡುವ ಹಾಗಿಲ್ಲ. 2025ರ ಜುಲೈ 1ರಿಂದ ಸರ್ಕಾರದ ಪೋಷಣ್ ಟ್ರ್ಯಾಕರ್ ಆ್ಯಪಿಗೆ ಮುಖ ತೋರಿಸಬೇಕು. ನಮ್ಮಲ್ಲಿ ನೆಟ್‌ವರ್ಕ್ ಸಿಗೋದು ಕಟ್ಟಡದ ಹಿಂದಿನ ಧರೆ, ಅಂದರೆ ಮಣ್ಣಿನ ದಿಬ್ಬ, ಹತ್ತಿದರೆ ಮಾತ್ರ. ಟೀಚರ್ ನನ್ನ ಕಡೆ ತಿರುಗಿ, "ಒಂದೈದು ನಿಮಿಷ ಮಕ್ಕಳನ್ನ ನೋಡ್ಕೊಳ್ತೀರಾ ಅಣ್ಣಾ?" ಅಂದರು. ಕೊಡೆ ಹಿಡಿದು ಇಬ್ಬರೂ ಧರೆ ಹತ್ತಿದರು. ಐದು ನಿಮಿಷ ಅಂದಿದ್ದು ಇಪ್ಪತ್ತೈದಾಯಿತು. ಕುಕ್ಕರ್ ಇಳಿಸಿದ್ದು ನಾನೇ. ಚಡ್ಡಿ ಬದಲಾಯಿಸಿದ್ದೂ ನಾನೇ.

ದೀಪಾವಳಿಗೆ ಸಂಘದ ಲೆಕ್ಕ ನೋಡಿದಾಗ ₹60 ಸಾವಿರ ಉಳಿದಿತ್ತು. ಅಂಗನವಾಡಿಗೆ ಏನಾದರೂ ಮಾಡೋಣ ಅಂತ ಎಲ್ಲರೂ ಒಪ್ಪಿದರು. ಏನು ಅನ್ನೋದರಲ್ಲೇ ಜಗಳ. ಹೆಚ್ಚಿನವರಿಗೆ ಗೋಡೆಗೆ ಚಿತ್ರ ಬರೆಸಿ ಒಂದು ದೊಡ್ಡ ಟಿವಿ ಹಾಕಿಸುವ ಆಸೆ. ನಾನು ಹೇಳಿದ್ದು, ತಿಂಗಳಿಗೆ ₹6 ಸಾವಿರ ಕೊಟ್ಟು ಒಬ್ಬ ಹೆಂಗಸನ್ನು ಇಟ್ಟುಕೊಳ್ಳೋಣ, ಹತ್ತು ತಿಂಗಳು ಬರುತ್ತೆ. "ಟಿವಿ ಹತ್ತು ವರ್ಷ ಇರುತ್ತೆ, ಸಂಬಳ ಹತ್ತು ತಿಂಗಳಿಗೆ ಕರಗುತ್ತೆ" ಅಂದರು ಅಧ್ಯಕ್ಷರು. ನನಗೆ ಥಟ್ಟಂತ ಉತ್ತರ ಹೊಳೆಯಲಿಲ್ಲ. ನೀವೆಲ್ಲ ಏನಂತೀರಿ?

ವಿನೋಬನಗರ, ಶಿವಮೊಗ್ಗ

ಬೇಜಾರು ಮಾಡ್ಕೊಬೇಡಿ, ನನ್ನ ಪ್ರಕಾರ ಟಿವಿಯೂ ಬೇಡ, ಆಳೂ ಬೇಡ. 14 ಮಕ್ಕಳಿಗೆ ಒಂದು ಕಟ್ಟಡ, ಇಬ್ಬರು ಹೆಂಗಸರು ಯಾಕೆ? ನಮ್ಮಜ್ಜನ ಮನೆ ಸಾಗರದ ಹತ್ತಿರ ಒಳಗಿನ ಊರು. ಅಲ್ಲಿಗೂ ಈಗ ಬೆಳಿಗ್ಗೆ ಎಂಟಕ್ಕೆ ಹಳದಿ ವ್ಯಾನ್ ಬರುತ್ತೆ. ಮೂರು ವರ್ಷ ತುಂಬಿದ್ದೇ ತಡ, ಟೈ ಕಟ್ಟಿ ಕಳಿಸುತ್ತಾರೆ. ಜನರಿಗೆ ಬೇಕಿರುವುದು ಎಲ್‌ಕೆಜಿ. ಅಂಗನವಾಡಿ ಅಂದರೆ ಉಪ್ಪಿಟ್ಟು ತಿಂದು ಮಲಗುವ ಜಾಗ ಅಂತಲೇ ಎಲ್ಲರ ತಲೆಯಲ್ಲಿದೆ. ಎರಡು ಮೂರು ಊರಿನದ್ದನ್ನು ಒಂದು ಮಾಡಿ, ಒಂದು ವ್ಯಾನ್ ಬಿಟ್ಟರೆ ಖರ್ಚೂ ಉಳಿಯುತ್ತೆ, ಕಲಿಕೆಯೂ ಆಗುತ್ತೆ.

ಬಾಲವಾಡಿ ಅಮ್ಮ, ತೀರ್ಥಹಳ್ಳಿ

ವ್ಯಾನಿನ ಮಾತು ಸುಳ್ಳಲ್ಲ ತಮ್ಮಾ. ಆದರೆ ವ್ಯಾನು ಹತ್ತುವುದು ಮೂರು ತುಂಬಿದ ಮೇಲೆ. ಒಂಬತ್ತು ತಿಂಗಳ ಕೂಸಿನ ತೂಕ ಯಾವ ಕಾನ್ವೆಂಟಿನವರು ನೋಡುತ್ತಾರೆ? ಬಸುರಿಗೆ ಊಟ ಯಾರು ಹಾಕುತ್ತಾರೆ? ಚುಚ್ಚುಮದ್ದಿನ ದಿನ ತಾಯಂದಿರನ್ನು ಯಾರು ಕರೆಯುತ್ತಾರೆ? ಕಲಿಸುವುದು ನಮ್ಮ ಕೆಲಸದ ಒಂದು ಭಾಗ ಅಷ್ಟೇ.

ನಾನು ಕೆಲಸಕ್ಕೆ ಸೇರಿದ್ದು 1988ರಲ್ಲಿ. ಹೋದ ವರ್ಷ ನಿವೃತ್ತಿಯಾಯಿತು. ಈ ಅಂಗನವಾಡಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ಕ್ಕೆ, ದೇಶದಲ್ಲಿ 33 ಕಡೆ. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. 2025ರ ಅಕ್ಟೋಬರ್‌ಗೆ 50 ವರ್ಷ ತುಂಬಿತು. ನಾನು ಸೇರಿದಾಗ ಕೇಂದ್ರದ ಲೆಕ್ಕದಲ್ಲಿ ಹತ್ತನೇ ಕ್ಲಾಸ್ ಪಾಸಾದ ಕಾರ್ಯಕರ್ತೆಗೆ (ನೀವು ಟೀಚರ್ ಅನ್ನುವುದು ಇವರನ್ನೇ) ತಿಂಗಳಿಗೆ ₹275, ಸಹಾಯಕಿಗೆ ₹110. ಸಂಬಳ ಅನ್ನುವ ಹಾಗಿಲ್ಲ, ಗೌರವಧನ. ಗೌರವ ಬೇರೆ, ಧನ ಬೇರೆ ಮಾಡಿ ಎರಡನ್ನೂ ಕೊಡಬಾರದಾ ಅಂತ ಮೀಟಿಂಗಿಗೆ ಹೋದಾಗ ನಗುತ್ತಿದ್ದೆವು.

ಸಹಾಯಕಿ ಅಂದರೆ ಅಡುಗೆಯವಳು ಅಂತ ತಿಳಿಯಬೇಡಿ. ನನ್ನ ಜೊತೆಗಿದ್ದವಳು ಬೆಳಿಗ್ಗೆ ಒಂಬತ್ತಕ್ಕೆ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುತ್ತಿದ್ದಳು. ಹಳ್ಳಕ್ಕೆ ಅಡಿಕೆ ದಬ್ಬೆಯ ಸಂಕ, ಅಂದರೆ ಕಾಲುಸೇತುವೆ. ಒಂದು ಮಗು ಸೊಂಟದಲ್ಲಿ, ಒಂದು ಕೈಯಲ್ಲಿ. ಉಳಿದವು ಆಚೆ ದಡದಲ್ಲಿ ಹಲಸಿನ ಮರದ ಬುಡಕ್ಕೆ ಒತ್ತಿಕೊಂಡು ನಿಲ್ಲುತ್ತಿದ್ದವು. ಏಳು ಮಕ್ಕಳಿಗೆ ನಾಲ್ಕು ಸಲ ದಾಟಬೇಕು. ಸಂಜೆ ಮತ್ತೆ ಅಷ್ಟೇ. ಅವಳು ಹೆರಿಗೆಗೆ ಹೋದ ಮಳೆಗಾಲದಲ್ಲಿ ಹಾಜರಿ 20ರಿಂದ 9ಕ್ಕೆ ಇಳಿಯಿತು. ಮೇಲಿನವರು ನನ್ನನ್ನು ಕೇಳಿದರು, ಮಕ್ಕಳು ಯಾಕೆ ಕಮ್ಮಿ ಅಂತ. ಸಹಾಯಕಿ ಇಲ್ಲ ಅಂದೆ. ಅದನ್ನು ಬರೆಯುವುದಕ್ಕೆ ರಿಜಿಸ್ಟರಿನಲ್ಲಿ ಜಾಗ ಇರಲಿಲ್ಲ.

ಎರಡು ಮೂರು ಊರು ಸೇರಿಸಿ ಅಂತೀರಿ. ಆ ವ್ಯಾನು ಸಂಕ ದಾಟುತ್ತದಾ?

ವಿನೋಬನಗರ

ಅಮ್ಮಾ, ಸಂಕದ ವಿಷಯ ನಾನು ಯೋಚಿಸಿರಲಿಲ್ಲ. ಆದರೂ ಕಲಿಕೆ ವಿಷಯದಲ್ಲಿ ನನ್ನ ಮಾತು ಹಾಗೇ ಇದೆ.

ಲೆಕ್ಕ ತಪ್ಪದವ, ಭದ್ರಾವತಿ

ನಾನು ನೌಕರಿಯಿಡೀ ಲೆಕ್ಕಪತ್ರ ನೋಡಿದವನು. ಹಾಗಾಗಿ ದುಡ್ಡಿನ ಮಾತು ಆಡುತ್ತೇನೆ, ತಲೆನೋವು ಅನ್ನುವವರು ಮುಂದಕ್ಕೆ ಹೋಗಿ.

ಸಹಾಯಕಿಯ ಗೌರವಧನದಲ್ಲಿ ಕೇಂದ್ರ ಒಪ್ಪಿಕೊಂಡಿರುವ ಮೊತ್ತ ತಿಂಗಳಿಗೆ ₹2,250. ಇದು 2018ರ ಅಕ್ಟೋಬರ್‌ನಿಂದ. ಅದಕ್ಕೆ ಮುಂಚೆ ₹1,500 ಇತ್ತು. ಕಾರ್ಯಕರ್ತೆಗೆ ₹3,000 ಇದ್ದದ್ದು ₹4,500 ಆಯಿತು. 2025ಕ್ಕೆ ಏಳು ವರ್ಷವಾಯಿತು, ಆಗಲೂ ಅದು ಅಲ್ಲೇ ನಿಂತಿತ್ತು. ಅಷ್ಟನ್ನೂ ಕೇಂದ್ರವೇ ಕೊಡುತ್ತೆ ಅಂದುಕೊಳ್ಳಬೇಡಿ. 60:40 ಲೆಕ್ಕ. ಅಂದರೆ ಸಹಾಯಕಿಗೆ ದಿಲ್ಲಿಯಿಂದ ಬರುವುದು ₹1,350. ಉಳಿದದ್ದೆಲ್ಲ ರಾಜ್ಯದ್ದು. 2015ಕ್ಕೆ ಮುಂಚೆ ಇದೇ ಖರ್ಚು 90:10 ಇತ್ತು, ಕೇಂದ್ರ 90. ರಾಜ್ಯಗಳಿಗೆ ತೆರಿಗೆಯ ಪಾಲು ಜಾಸ್ತಿ ಕೊಡುತ್ತಿದ್ದೇವಲ್ಲ ಅಂತ ಇಲ್ಲಿ ಕಮ್ಮಿ ಮಾಡಿದರು. ಅದು ಸರಿಯೋ ತಪ್ಪೋ ಅಂತ ವಾದ ಮಾಡಬಹುದು. ಆದರೆ ಪಾಲು ಕೈಗೆ ಬಂದಾಗ ರಾಜ್ಯಗಳಿಗೆ ಮೊದಲು ನೆನಪಾದದ್ದು ಅಂಗನವಾಡಿ ಅಂತ ಯಾರೂ ಹೇಳಲಾರರು.

ನಮ್ಮ ರಾಜ್ಯ ಕೈಯಿಂದ ಜಾಸ್ತಿ ಹಾಕುತ್ತದೆ, ಅದನ್ನು ಒಪ್ಪಬೇಕು. 2025ರ ಬಜೆಟ್‌ನಲ್ಲಿ ಕಾರ್ಯಕರ್ತೆಗೆ ₹1,000, ಸಹಾಯಕಿಗೆ ₹750 ಏರಿಸಿದರು. ಎಲ್ಲ ಸೇರಿ ಸಹಾಯಕಿಗೆ ಆರೇಳು ಸಾವಿರದ ಆಸುಪಾಸು.

ಈಗ ಪಕ್ಕದಲ್ಲಿ ಇನ್ನೊಂದು ಅಂಕಿ ಇಡಿ. ಉದ್ಯೋಗ ಖಾತ್ರಿಯಲ್ಲಿ 2025-26ಕ್ಕೆ ಕರ್ನಾಟಕದ ದಿನಗೂಲಿ ₹370. 26 ದಿನ ಮಾಡಿದರೆ ₹9,620. ಅಂದರೆ ಕೆರೆ ಹೂಳೆತ್ತುವ ಕೆಲಸಕ್ಕೆ ಸರ್ಕಾರ ತಾನೇ ಕಟ್ಟಿದ ಬೆಲೆ, ಮಕ್ಕಳನ್ನು ನೋಡುವ ಕೆಲಸಕ್ಕೆ ತಾನೇ ಕಟ್ಟಿದ ಬೆಲೆಗಿಂತ ಜಾಸ್ತಿ. ಅರ್ಜಿ ಯಾಕೆ ಬರಲಿಲ್ಲ ಅನ್ನೋದಕ್ಕೆ ಸಮಿತಿ ಬೇಕಾಗಿಲ್ಲ.

ಊಟದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಒಂದು ಮಗುವಿಗೆ ದಿನಕ್ಕೆ ₹8. 2017ರಲ್ಲಿ ಮಾಡಿದ ದರ. ಕೇಂದ್ರ ಅರ್ಧ, ರಾಜ್ಯ ಅರ್ಧ. ಹಾಲು, ಮೊಟ್ಟೆಗೆ ರಾಜ್ಯ ಬೇರೆ ಸೇರಿಸುತ್ತದೆ, ಬಿಡಿ. ಆದರೂ ಇವತ್ತು ಪೇಟೆಯಲ್ಲಿ ಒಂದು ಮೊಟ್ಟೆ ಎಷ್ಟು ಅಂತ ಕೇಳಿಕೊಂಡು ಬನ್ನಿ.

ಉಪ್ಪಿನಕಾಯಿ ಭರಣಿ

ಮೊಟ್ಟೆ ₹7 ಮಾರಾಯ್ರೆ. ಉಳಿದ ₹1ರಲ್ಲಿ ಅನ್ನ, ಸಾರು, ಪಲ್ಯ, ಗ್ಯಾಸ್, ಜೊತೆಗೆ ಮಗುವಿನ ಭವಿಷ್ಯ!

ಕೆಂಪು ಕೊಡೆ, ಶಿವಮೊಗ್ಗ

ಧರೆಮನೆಯವರೆ, ನಿಮ್ಮ ಮನಸ್ಸು ಒಳ್ಳೆಯದು. ಆದರೆ ದಯವಿಟ್ಟು ಈ ಕೆಲಸ ಮಾಡಬೇಡಿ. ನಾನು ಈ ಹೆಂಗಸರ ಹೋರಾಟದ ಜೊತೆ ಇರುವವಳು, 2023ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ರಾತ್ರಿ ಮಲಗಿದವಳು. ಅನುಭವದಿಂದ ಹೇಳುತ್ತಿದ್ದೇನೆ.

ನೀವು ಊರಿನ ದುಡ್ಡಲ್ಲಿ ಒಬ್ಬರನ್ನು ಇಟ್ಟ ದಿನ, ಆ ಖಾಲಿ ಜಾಗ ಸರ್ಕಾರದ ಕಣ್ಣಿಂದ ಮಾಯವಾಗುತ್ತೆ. "ಅಲ್ಲಿ ಹೇಗೋ ನಡೀತಿದೆ" ಅಂತಾಗುತ್ತೆ. ಈ ಇಲಾಖೆ 50 ವರ್ಷ ನಡೆದಿರುವುದೇ ಈ "ಹೇಗೋ"ದ ಮೇಲೆ. ಟೀಚರ್ ಕೈಯಿಂದ ಮೊಟ್ಟೆ ತರುತ್ತಾರೆ, ಹೇಗೋ ನಡೀತು. ಬಾಡಿಗೆ ತಡವಾದರೆ ಮನೆ ಯಜಮಾನನಿಗೆ ಕೈಮುಗಿಯುತ್ತಾರೆ, ಹೇಗೋ ನಡೀತು. ಈಗ ಊರಿನವರೂ ಸೇರಿಕೊಂಡರೆ ಇನ್ನೂ ಚೆನ್ನಾಗಿ ನಡೆಯುತ್ತೆ.

ಎರಡನೆಯದು, ನೀವು ಇಟ್ಟುಕೊಳ್ಳುವ ಹೆಂಗಸು ಯಾರ ನೌಕರಳು? ನಮ್ಮವರ ಕಥೆಯೇ ಕೇಳಿ. 2006ರಲ್ಲಿ ಸುಪ್ರೀಂ ಕೋರ್ಟ್ ನಮ್ಮ ರಾಜ್ಯದ್ದೇ ಒಂದು ಪ್ರಕರಣದಲ್ಲಿ, ಅಮೀರ್‌ಬಿ ಕೇಸ್ ಅಂತ, ಅಂಗನವಾಡಿ ಕಾರ್ಯಕರ್ತೆಯರದ್ದು ಸರ್ಕಾರಿ ಹುದ್ದೆಯೇ ಅಲ್ಲ ಅಂತ ಹೇಳಿತು. ಹದಿನಾರು ವರ್ಷ ಆದಮೇಲೆ, 2022ರ ಏಪ್ರಿಲ್‌ನಲ್ಲಿ, ಅದೇ ಕೋರ್ಟ್ ಗುಜರಾತಿನ ಪ್ರಕರಣದಲ್ಲಿ ಇವರಿಗೂ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗಿನ ಇಡಿಗಂಟು, ಕೊಡಬೇಕು ಅಂತು. ಗೌರವಧನ ಅಂತ ಹೆಸರಿಟ್ಟ ಮಾತ್ರಕ್ಕೆ ಅದು ವೇತನ ಅಲ್ಲ ಅಂತಾಗಲ್ಲ ಅಂತ. 2025ರ ಆಗಸ್ಟ್‌ನಲ್ಲಿ ಗುಜರಾತ್ ಹೈಕೋರ್ಟ್ ಕಾರ್ಯಕರ್ತೆಗೆ ₹24,800, ಸಹಾಯಕಿಗೆ ₹20,300 ಕೊಡಿ ಅಂತ ಆ ರಾಜ್ಯಕ್ಕೆ ಹೇಳಿದೆ. ಒಂದೊಂದು ಇಂಚಿಗೂ ಹೀಗೆ ಹೋರಾಡಿ ಬಂದಿದ್ದೇವೆ. ನೀವು ತಿಂಗಳಿಗೆ ₹6 ಸಾವಿರಕ್ಕೆ ಇನ್ನೊಬ್ಬಳನ್ನು ಯಾವ ಕಾಗದವೂ ಇಲ್ಲದೆ ತಂದು ಕೂರಿಸಿದರೆ, ಮತ್ತೆ 1975.

ಧರೆಮನೆ

ಅಕ್ಕಾ, ನೀವು ಹೇಳಿದ್ದು ಅರ್ಥವಾಯಿತು. ಆದರೆ ಕೋರ್ಟಿನಿಂದ ಬರುವವರೆಗೆ ನನ್ನ ಮಗಳು ಹೈಸ್ಕೂಲು ಮುಗಿಸಿರುತ್ತಾಳೆ. ಈಗ ಕುಕ್ಕರ್ ಯಾರು ಇಳಿಸಬೇಕು?

ಕೆಂಪು ಕೊಡೆ

ಅದನ್ನು ಇಲಾಖೆಯನ್ನು ಕೇಳಿ. ಬಾಯಲ್ಲಿ ಅಲ್ಲ, ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಎಷ್ಟು ಸಲ ಬರೆದಿದ್ದೀರಿ ಇಲ್ಲಿವರೆಗೆ?

ಧರೆಮನೆ

ಒಂದು ಸಲವೂ ಇಲ್ಲ. ಟೀಚರ್ ಮೀಟಿಂಗಿನಲ್ಲಿ ಹೇಳಿದ್ದಾರಂತೆ.

ತುಂಗೆಯಿಂದ ಟೊರಾಂಟೊಗೆ

ಮೂಲತಃ ತೀರ್ಥಹಳ್ಳಿ, ಈಗ ಕೆನಡಾ. ನಿದ್ದೆ ಬರದೆ ಓದುತ್ತಾ ಕೂತಿದ್ದೆ, ಇಲ್ಲಿಯದೂ ಸ್ವಲ್ಪ ಹೇಳುತ್ತೇನೆ. ದುಡ್ಡಿರುವ ದೇಶದಲ್ಲಿ ಎಲ್ಲ ಸರಿ ಇರುತ್ತೆ ಅಂತ ನಮ್ಮೂರಲ್ಲಿ ತಿಳಿದಿರುತ್ತಾರೆ, ಅದಕ್ಕೆ.

ಇಲ್ಲಿ 2021ರ ಬಜೆಟ್‌ನಲ್ಲಿ ಐದು ವರ್ಷಕ್ಕೆ 3,000 ಕೋಟಿ ಡಾಲರ್‌ವರೆಗೆ ಮಕ್ಕಳ ಪಾಲನೆಗೆ ಇಟ್ಟರು. 2026ರ ಮಾರ್ಚ್ ಹೊತ್ತಿಗೆ ಸರಾಸರಿ ದಿನಕ್ಕೆ 10 ಡಾಲರ್ ಶುಲ್ಕ ಅನ್ನೋದು ಗುರಿಯಾಗಿತ್ತು. ನಮ್ಮ ಒಂಟಾರಿಯೊದಲ್ಲಿ 2025ರಲ್ಲಿ ಗರಿಷ್ಠ 22 ಡಾಲರಿಗೆ ಇಳಿಯಿತು. ಮುಂಚೆ ತಿಂಗಳಿಗೆ ಮನೆ ಬಾಡಿಗೆಯಷ್ಟು ಹೋಗುತ್ತಿತ್ತು. ಅಪ್ಪ-ಅಮ್ಮಂದಿರಿಗೆ ಖುಷಿಯೋ ಖುಷಿ. ಎಲ್ಲರೂ ಸೇರಿಸಲು ಓಡಿದರು. ನಾವು ಹೆಸರು ಬರೆಸಿದ್ದು ಮಗು ಹೊಟ್ಟೆಯಲ್ಲಿದ್ದಾಗ. ಕರೆ ಬಂದದ್ದು ಅವಳಿಗೆ ಎರಡು ತುಂಬಿದ ಮೇಲೆ.

ಒಳಗೆ ಹೋಗಿ ನೋಡಿದರೆ ಎರಡು ಕೋಣೆಗಳಲ್ಲಿ ಒಂದಕ್ಕೆ ಬೀಗ. ಗಾಜಿನಿಂದ ಇಣುಕಿದೆ. ಪುಟ್ಟ ಕುರ್ಚಿಗಳು ಮೇಜಿನ ಮೇಲೆ ತಲೆಕೆಳಗಾಗಿ ಇಟ್ಟಿದ್ದವು, ಗೋಡೆ ತುಂಬ ಚಿತ್ರ, ಹೊಸ ಆಟಿಕೆ. "ಇದು ಯಾಕೆ ಮುಚ್ಚಿದೆ?" ಅಂದೆ. "ಟೀಚರ್ ಸಿಗುತ್ತಿಲ್ಲ" ಅಂದರು. ಶುಲ್ಕ ಇಳಿಸಲು ದುಡ್ಡು ಮೊದಲು ಬಂತು, ಸಂಬಳಕ್ಕೆ ತಡವಾಗಿ ಬಂತು. ತರಬೇತಿ ಪಡೆದವರು ಬೇರೆ ಕೆಲಸಕ್ಕೆ ಹೋಗಿಬಿಟ್ಟರು. ಆಮೇಲೆ ಗಂಟೆಗೆ ಇಷ್ಟಕ್ಕಿಂತ ಕಮ್ಮಿ ಕೊಡಬಾರದು ಅಂತ ಮಾಡಿ, 2024ರಲ್ಲಿ ಅದನ್ನು 23.86 ಡಾಲರಿಗೆ ಏರಿಸಿದರು.

ಒಂದು ವ್ಯತ್ಯಾಸ ಮಾತ್ರ ಹೇಳಲೇಬೇಕು. ಇಲ್ಲಿ ಎರಡು ವರ್ಷದ ಐದು ಮಕ್ಕಳಿಗೆ ಒಬ್ಬರು ಬೇಕೇ ಬೇಕು. ಆಳಿಲ್ಲದಿದ್ದರೆ ಕೋಣೆ ತೆರೆಯುವಂತಿಲ್ಲ. ಹಾಗಾಗಿ ಕೊರತೆ ಬೀಗದ ರೂಪದಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತೆ. ಅಪ್ಪ-ಅಮ್ಮ ಗಲಾಟೆ ಮಾಡುತ್ತಾರೆ, ಪೇಪರಿನಲ್ಲಿ ಬರುತ್ತೆ. ನಮ್ಮೂರಲ್ಲಿ ಆಳಿಲ್ಲದಿದ್ದರೂ ಬಾಗಿಲು ತೆರೆದೇ ಇರುತ್ತೆ. ಟೀಚರ್ ಬೆನ್ನು ಬಗ್ಗುತ್ತೆ, ಅಷ್ಟೇ. ಬೆನ್ನು ಯಾರಿಗೂ ಕಾಣಲ್ಲ.

ಬಾಲವಾಡಿ ಅಮ್ಮ

ಸರಿಯಾಗಿ ಹೇಳಿದೆ ಮಗಳೇ. ನಾವು ಬಾಗಿಲು ಹಾಕುವವರಲ್ಲ. ಒಂದು ವರ್ಷ ಮಂಗನ ಕಾಯಿಲೆ ಹೆದರಿಕೆಯಲ್ಲಿ ಊರೇ ಕಾಡಿನ ಕಡೆ ಹೋಗುವುದನ್ನು ಬಿಟ್ಟಾಗಲೂ ನಾನು ಅದೇ ದಾರಿಯಲ್ಲಿ ಹೋಗಿ ಬೀಗ ತೆಗೆದಿದ್ದೇನೆ. ಆಗ ಹೆಮ್ಮೆ ಅನಿಸಿತ್ತು. ಈಗ ಅನುಮಾನ.

ವಿನೋಬನಗರ

ನೋಡಿ, ಕೆನಡಾದಲ್ಲೂ ಸಂಬಳ ಕೊಟ್ಟರೂ ಸಿಗುತ್ತಿಲ್ಲ ಅಂದ್ರೆ ಬರೀ ದುಡ್ಡಿನ ಪ್ರಶ್ನೆ ಅಲ್ಲ ಅಂತಾಯ್ತಲ್ವಾ? ಯಾರಿಗೂ ಈ ಕೆಲಸ ಬೇಡ. ಅದಕ್ಕೇ ಹೇಳಿದ್ದು ಶಾಲೆಗೆ ಸೇರಿಸಿ ಅಂತ. ಸರ್ಕಾರಿ ಶಾಲೆಯಲ್ಲೇ ಎಲ್‌ಕೆಜಿ-ಯುಕೆಜಿ ಮಾಡಿದರೆ ಕಟ್ಟಡ ಇದೆ, ಮೇಷ್ಟ್ರು ಇದ್ದಾರೆ, ಬಿಸಿಯೂಟ ಇದೆ.

ಕೆಂಪು ಕೊಡೆ

ಸಂಬಳ *ತಡವಾಗಿ* ಕೊಟ್ಟರೆ ಸಿಗುತ್ತಿಲ್ಲ ಅಂತ ಅವರು ಹೇಳಿದ್ದು. ಓದಿ ಬರೆಯಿರಿ.

ಎಲ್‌ಕೆಜಿ ಗಲಾಟೆ 2024ರ ಜೂನ್‌ನಲ್ಲೇ ಆಯಿತು. ಶಾಲೆಗಳಲ್ಲಿ ಶುರು ಮಾಡುತ್ತೇವೆ ಅಂದಾಗ ನಮ್ಮವರು ಬೀದಿಗೆ ಇಳಿದರು. ಮೂರರಿಂದ ಆರು ವರ್ಷದವರನ್ನು ಶಾಲೆಗೆ ತೆಗೆದುಕೊಂಡು ಹೋದರೆ ಅಂಗನವಾಡಿಯಲ್ಲಿ ಉಳಿಯುವುದು ಪೊಟ್ಟಣ ಹಂಚುವ ಕೆಲಸ ಮಾತ್ರ. ಆಮೇಲೆ ಅಂಗನವಾಡಿಯಲ್ಲೇ ಮಾಡೋಣ ಅನ್ನುವ ಮಾತು ಬಂತು. ಮಾಡಲಿ, ಬೇಡ ಅಂದವರು ಯಾರು? ಆದರೆ ಕಲಿಸುವವಳು ಬೆಳಗಿನ ಹೊತ್ತು ಬೇಳೆ ತೊಳೆಯುತ್ತಾ ಕೂತರೆ ಯಾವ ಕೆಜಿ?

ಸುಲಿತದ ಸೀಸನ್

ನಮಸ್ಕಾರ. ಮಗಳ ಫೋನಿನಿಂದ ಬರೆಯುತ್ತಿದ್ದೇನೆ. ನಾನು ಎಸ್ಸೆಸ್ಸೆಲ್ಸಿ ಪಾಸು, ವಯಸ್ಸು 33, ಇದೇ ಊರಿನವಳು. ಅಂದರೆ ಧರೆಮನೆ ಅಣ್ಣನ ಊರೇ. ಅವರಿಗೆ ನಾನು ಯಾರು ಅಂತ ಗೊತ್ತಾಗಬಹುದು, ಆಗಲಿ.

ಅರ್ಜಿ ಯಾರೂ ಹಾಕಲಿಲ್ಲ ಅಂತ ಬರೆದಿದ್ದಾರೆ. ಹಾಕಬಹುದಾಗಿದ್ದವಳು ನಾನೊಬ್ಬಳೇ. ಸಹಾಯಕಿಗೆ ಎಸ್ಸೆಸ್ಸೆಲ್ಸಿ ಆಗಿರಬೇಕು, ಅದೇ ಊರಿನವಳಾಗಿರಬೇಕು, 35 ದಾಟಿರಬಾರದು. ಉಳಿದ ಹುಡುಗಿಯರು ಶಿವಮೊಗ್ಗದ ಗಾರ್ಮೆಂಟ್ಸಿಗೋ ಬೆಂಗಳೂರಿಗೋ ಹೋಗಿದ್ದಾರೆ.

ನಾನು ಯಾಕೆ ಹಾಕಲಿಲ್ಲ ಅಂದ್ರೆ, ನಮ್ಮ ಕಡೆ ಹೆಣ್ಣಾಳಿಗೆ ತೋಟದ ಕೆಲಸಕ್ಕೆ ದಿನಕ್ಕೆ ₹450. ಕೊಯ್ಲು ಶುರುವಾದರೆ ರಾತ್ರಿ ಅಡಿಕೆ ಸುಲಿತ ಬೇರೆ. ಮೆಟ್ಟುಗತ್ತಿ ಮುಂದೆ ಹನ್ನೊಂದು ಗಂಟೆವರೆಗೆ ಕೂತರೆ ಇನ್ನಷ್ಟು ಬರುತ್ತೆ. ವಾರಕ್ಕೊಮ್ಮೆ ಕೈಗೆ ದುಡ್ಡು. ಆರೇಳು ಸಾವಿರಕ್ಕೆ ಹೋದರೆ ಸ್ವಸಹಾಯ ಸಂಘದ ಸಾಲದ ಕಂತು ಕಟ್ಟಲು ಆಗಲ್ಲ. ಮತ್ತೆ ಆ ಗೌರವಧನ ತಿಂಗಳು ತಿಂಗಳು ಬರಲ್ಲ, ಒಮ್ಮೊಮ್ಮೆ ಎರಡು ಮೂರು ತಿಂಗಳಿಗೆ ಒಟ್ಟಿಗೆ ಬರುತ್ತೆ ಅಂತ ಹಳೇ ಸಹಾಯಕಿ ಅಮ್ಮನೇ ಹೇಳಿದ್ದರು.

ಮಕ್ಕಳನ್ನು ಕಂಡರೆ ನನಗೆ ಇಷ್ಟ. ಮಳೆಗಾಲದಲ್ಲಿ ತೋಟದ ಕೆಲಸ ಕಮ್ಮಿ, ಆಗ ಖಂಡಿತ ಬರುತ್ತೇನೆ. ಆದರೆ ಕೊಯ್ಲಿನ ಮೂರು ತಿಂಗಳು ಬಿಟ್ಟು ಬರಲು ಆಗಲ್ಲ. ಅದೇ ಕೊಯ್ಲಿಗೆ ಬರುವ ತಾಯಂದಿರು ಮಕ್ಕಳನ್ನು ಎಲ್ಲಿ ಬಿಡಬೇಕು ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಹೋದ ವರ್ಷ ಒಬ್ಬಳು ಅಡಿಕೆ ಗೊನೆ ರಾಶಿ ಪಕ್ಕದಲ್ಲೇ ಹಾಳೆ ಮೇಲೆ ಕೂಸನ್ನು ಮಲಗಿಸಿಕೊಂಡು ಸುಲಿಯುತ್ತಿದ್ದಳು.

ಲೆಕ್ಕ ತಪ್ಪದವ

ತಂಗೀ, ನಾನು ಅಷ್ಟುದ್ದ ಅಂಕಿ ಬರೆದು ಹೇಳಿದ್ದನ್ನು ನೀನು ಸಾಲದ ಕಂತಿನಲ್ಲಿ ಹೇಳಿಬಿಟ್ಟೆ.

ಪಂಚಾಯ್ತಿ ಕಟ್ಟೆ, ಸೊರಬ

ನಾನು ಗ್ರಾಮ ಪಂಚಾಯ್ತಿ ಸದಸ್ಯ. ಕೂಸಿನ ಮನೆ ಬಗ್ಗೆ ಯಾರೂ ಮಾತೇ ಎತ್ತಲಿಲ್ಲವಲ್ಲ? 2023-24ರ ಬಜೆಟ್‌ನಲ್ಲಿ ರಾಜ್ಯದಲ್ಲಿ 4,000 ಪಂಚಾಯ್ತಿಗಳಲ್ಲಿ ಮಾಡುತ್ತೇವೆ ಅಂದರು. ಖಾತ್ರಿ ಕೆಲಸಕ್ಕೆ ಬರುವ ತಾಯಂದಿರ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಜಾಗ. ನೋಡಿಕೊಳ್ಳುವವರಿಗೆ ಖಾತ್ರಿ ಕೂಲಿಯೇ ಸಿಗುತ್ತೆ. ಅಂದರೆ ₹370, ಅಂಗನವಾಡಿ ಸಹಾಯಕಿಗಿಂತ ಜಾಸ್ತಿ.

ತೊಂದರೆ ಒಂದಿದೆ. ಖಾತ್ರಿಯಲ್ಲಿ 2025ರ ಲೆಕ್ಕಕ್ಕೆ ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನ. ಹಾಗಾಗಿ ಹತ್ತಾರು ಜನರಿಗೆ ತರಬೇತಿ ಕೊಟ್ಟು ಸರದಿ ಪ್ರಕಾರ ಕರೆಯಬೇಕು. ಕೂಸು ಒಬ್ಬರ ಮಡಿಲಿಗೆ ಒಗ್ಗಿಕೊಳ್ಳುವ ಹೊತ್ತಿಗೆ ಇನ್ನೊಬ್ಬರು ಬರುತ್ತಾರೆ. ನಾನೇ ಕಣ್ಣಾರೆ ನೋಡಿದ್ದೇನೆ, ಬದಲಾದ ವಾರವಿಡೀ ಅಳು. ಆದರೂ ಇಲ್ಲದಿರುವುದಕ್ಕಿಂತ ವಾಸಿ ಅಂತ ನನ್ನ ಅಭಿಪ್ರಾಯ.

ಮತ್ತೆ ವಿನೋಬನಗರದವರಿಗೆ: ಗುಡ್ಡಗಾಡಿನಲ್ಲಿ 300 ಜನ ಇದ್ದರೆ ಪೂರ್ತಿ ಅಂಗನವಾಡಿ, 150 ಇದ್ದರೂ ಮಿನಿ ಅಂಗನವಾಡಿ ಕೊಡಬೇಕು ಅಂತ ನಿಯಮವೇ ಇದೆ. ಬಯಲುಸೀಮೆಯ ಲೆಕ್ಕ ಇಲ್ಲಿಗೆ ಹೊಂದಲ್ಲ ಅಂತ ಗೊತ್ತಿದ್ದೇ ಹಾಗೆ ಮಾಡಿದ್ದು. ಜನ ಕಮ್ಮಿ ಅಂತ ಮುಚ್ಚಲು ಹೊರಟರೆ ಅರ್ಧ ಮಲೆನಾಡನ್ನೇ ಮುಚ್ಚಬೇಕಾಗುತ್ತೆ.

ವಿನೋಬನಗರ

ಸರಿ, ಮುಚ್ಚುವ ಮಾತು ವಾಪಸ್. ಆದರೆ ನಮ್ಮಕ್ಕನ ಮಗನನ್ನು ಅಂಗನವಾಡಿಗೆ ಕಳಿಸು ಅಂದರೆ ಅವಳು ಒಪ್ಪಲ್ಲ. ಅದನ್ನು ಸರಿ ಮಾಡದೆ ನೀವು ಎಷ್ಟು ಸಂಬಳ ಕೊಟ್ಟರೂ ಮಕ್ಕಳು ವ್ಯಾನ್ ಹತ್ತುತ್ತಾರೆ. ಟಿವಿ, ಬಣ್ಣ ಅಂತ ಊರಿನವರು ಕೇಳುವುದು ಸುಮ್ನೆ ಅಲ್ಲ. ಜನ ಕಣ್ಣಿಗೆ ಕಾಣುವುದನ್ನು ನೋಡಿಯೇ ಮಕ್ಕಳನ್ನು ಕಳಿಸುವುದು.

ಬಾಲವಾಡಿ ಅಮ್ಮ

ಇದು ನಿಜ. ಬಣ್ಣಕ್ಕೆ ನಾನು ವಿರೋಧಿ ಅಲ್ಲ. ನನ್ನ ಕೇಂದ್ರದ ಗೋಡೆಗೆ ನಾನೇ ಗೇರುಬೀಜ, ಹಲಸು, ಮಂಗಟ್ಟೆ ಹಕ್ಕಿ ಬರೆದಿದ್ದೆ. ಟಿವಿ ಬೇಡ. ಮಳೆಗಾಲದಲ್ಲಿ ಕರೆಂಟ್ ಎಷ್ಟು ಹೊತ್ತು ಇರುತ್ತೆ ನಿಮ್ಮಲ್ಲಿ?

ಧರೆಮನೆ

ಜುಲೈನಲ್ಲಿ ಹನ್ನೊಂದು ದಿನ ಸತತ ಇರಲಿಲ್ಲ ಅಮ್ಮಾ. ಅಧ್ಯಕ್ಷರಿಗೆ ಹೇಳಬೇಕಿದ್ದ ಉತ್ತರ ಇದೇ ಆಗಿತ್ತು ನೋಡಿ.

ಲೆಕ್ಕ ತಪ್ಪದವ

ನನ್ನದೊಂದು ಮಧ್ಯದ ದಾರಿ. ದುಡ್ಡನ್ನು ಸಂಘದ ಹೆಸರಲ್ಲಿ ಕೊಡಬೇಡಿ. ಪ್ರತಿ ಅಂಗನವಾಡಿಗೂ ಬಾಲವಿಕಾಸ ಸಮಿತಿ ಇರುತ್ತೆ, ಬ್ಯಾಂಕ್ ಖಾತೆ ಇರುತ್ತೆ. ಸಭೆ ಕರೆದು ನಡಾವಳಿ ಬರೆಯಿರಿ: "ಸಹಾಯಕಿ ಹುದ್ದೆ ಇಷ್ಟು ತಿಂಗಳಿಂದ ಖಾಲಿ ಇರುವುದರಿಂದ, ಸರ್ಕಾರ ತುಂಬುವವರೆಗೆ ಮಾತ್ರ, ತಾತ್ಕಾಲಿಕ" ಅಂತ. ಅದರ ಪ್ರತಿಯನ್ನು ಪ್ರತಿ ತಿಂಗಳೂ ತಾಲ್ಲೂಕು ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. "ಈ ತಿಂಗಳು ಸರ್ಕಾರದ ಕೆಲಸಕ್ಕೆ ನಮ್ಮೂರು ಇಷ್ಟು ಖರ್ಚು ಮಾಡಿದೆ" ಅಂತ ಬರೆಯಿರಿ. ಹತ್ತು ತಿಂಗಳಿಗೆ ಹತ್ತು ಕಾಗದ. ಕಾಗದ ಇದ್ದರೆ ಖಾಲಿ ಜಾಗ ಮಾಯವಾಗಲ್ಲ.

ಕೆಂಪು ಕೊಡೆ

ಕಾಗದ ಇದ್ದರೂ ನನಗೆ ಸಮಾಧಾನವಿಲ್ಲ. ಆದರೆ ಏನೂ ಬರೆಯದೆ ಮಾಡುವುದಕ್ಕಿಂತ ಇದು ಮೇಲು. ಒಂದು ಷರತ್ತು, ದಿನಕ್ಕೆ ಖಾತ್ರಿ ಕೂಲಿಗಿಂತ ಕಮ್ಮಿ ಕೊಡಬೇಡಿ. ಸರ್ಕಾರ ಮಾಡಿದ ತಪ್ಪನ್ನೇ ಊರಿನವರೂ ಮಾಡಿದರೆ ಹೇಗೆ?

ಧರೆಮನೆ

ದಿನಕ್ಕೆ ₹370 ಅಂದರೆ ₹60 ಸಾವಿರ ಆರು ತಿಂಗಳಿಗೆ ಮುಗಿಯುತ್ತೆ. ಯೋಚನೆ ಮಾಡುತ್ತೇನೆ.

ಧರೆಮನೆ (ಸೋಮವಾರ)

ನಿನ್ನೆ ಸಭೆ ಆಯಿತು. ಮೂರು ಗಂಟೆ ಜಗಳ, ಎರಡು ಸಲ ಚಹಾ. ಟಿವಿ ಬಿದ್ದುಹೋಯಿತು, ಕರೆಂಟಿನ ಮಾತೇ ಕೆಲಸ ಮಾಡಿತು. ₹15 ಸಾವಿರ ಬಣ್ಣಕ್ಕೆ ಬಿಟ್ಟುಕೊಡಬೇಕಾಯಿತು, ಇಲ್ಲದಿದ್ದರೆ ಅಧ್ಯಕ್ಷರು ಏಳುತ್ತಲೇ ಇರಲಿಲ್ಲ. ಉಳಿದ ₹45 ಸಾವಿರದಲ್ಲಿ ಮುಂದಿನ ಜೂನ್‌ನಿಂದ ದಿನಕ್ಕೆ ₹370ರಂತೆ ಒಬ್ಬರನ್ನು ಕರೆಯುವುದು. ನಾಲ್ಕೂವರೆ ತಿಂಗಳು ಬರುತ್ತೆ, ಮಳೆಗಾಲ ದಾಟುತ್ತೆ. ಮೊದಲ ಅರ್ಜಿ ಇವತ್ತೇ ಬರೆದಿದ್ದೇವೆ, 23 ಸಹಿ. ನಾಳೆ ನಾನೇ ಹೊಸನಗರಕ್ಕೆ ಹೋಗಿ ಕೊಟ್ಟು ಬರುತ್ತೇನೆ.

ಕೊಯ್ಲಿನ ಮೂರು ತಿಂಗಳ ಪ್ರಶ್ನೆ ಹಾಗೇ ಉಳಿದಿದೆ. ಸದ್ಯಕ್ಕೆ ಸರದಿ ಪ್ರಕಾರ ಮನೆಗೊಬ್ಬರು ಹೋಗಿ ಟೀಚರ್ ಜೊತೆ ಇರುವುದು ಅಂತಾಗಿದೆ. ಮೊದಲ ದಿನ ನಮ್ಮ ಮನೆಯದು. ಗಂಡಸರೂ ಹೋಗಬೇಕು ಅಂದಾಗ ಹಿಂದಿನ ಸಾಲಿನಲ್ಲಿ ನಾಲ್ಕೈದು ಜನ ಎದ್ದು ಹೋದರು.

ಸುಲಿತದ ಸೀಸನ್

ಅಣ್ಣಾ, ಜೂನ್‌ನಿಂದ ನಾನು ಬರುತ್ತೇನೆ. ಗ್ಯಾಸ್ ಸಿಲಿಂಡರ್ ಸಂಕ ದಾಟಿಸುವುದು ಮಾತ್ರ ನಿಮ್ಮದು.

ಬಾಲವಾಡಿ ಅಮ್ಮ

ಒಂದು ಮಾತು ಅವತ್ತೇ ಹೇಳಬೇಕೆಂದಿದ್ದು ಮರೆತೆ. ಸುಣ್ಣದ ಡಬ್ಬಿ ಬಾಗಿಲ ಹಿಂದೆ ಇಡಬೇಡಿ, ಮಕ್ಕಳ ಕೈಗೆ ಸಿಕ್ಕಿದರೆ ಕಣ್ಣಿಗೆ ಹಚ್ಚಿಕೊಳ್ಳುತ್ತವೆ. ಮೇಲೆ ಒಂದು ಗೂಟ ಹೊಡೆದು ತೂಗುಹಾಕಿ. ಉಪ್ಪಿನ ನೀರಾದರೂ ಉಂಬಳಕ್ಕೆ ಸಾಕು.